ಕರಗಿದ ಲೋಹದ ಬಳಗ

'ಕರಗಿಹೋಯಿತು' ಎಂಬ ಮಾತನ್ನು ನಾವು ಬಲು ಸಲೀಸಾಗಿ ಆಡಿಬಿಡುತ್ತೇವೆ. ಉಪ್ಪು ನೀರಿನಲ್ಲಿ ಕರಗಿಹೋಯಿತು. ಸಕ್ಕರೆ ಹಾಲಿನಲ್ಲಿ ಕರಗಿಹೋಯಿತು. ಹಿರಿಯರು ಗಳಿಸಿಟ್ಟ ಹೊಲಮನೆ ಮಕ್ಕಳ ಕಾಲಕ್ಕೆ ಕರಗಿಹೋಯಿತು. ಈ 'ಹೋಯಿತು' ಎಂಬ ಪದದ ಮೇಲೆ ನನಗೆ ಬಹು ದಿನಗಳಿಂದ ಕಣ್ಣಿದೆ. ವ್ಯಾಕರಣವನ್ನು ಕಲಿಸಿ ಹೊಟ್ಟೆ ಹೊರೆಯುವವನಿಗೆ ಇದು ಸಹಜವೆಂದು ಓದುಗರು ಮನ್ನಿಸಬೇಕು. ಹೋಯಿತು ಎಂದರೆ ಎಲ್ಲಿಗೆ ಹೋಯಿತು? ಪಾತ್ರೆಯಲ್ಲಿಯೇ ಇದೆಯಲ್ಲ! ನಮ್ಮ ಅನುಭಾವಿಗಳು ಕರಗುವಿಕೆಯನ್ನು ತನ್ನತನವನ್ನು ನೀಗಿಕೊಳ್ಳುವುದಕ್ಕೆ ಉಪಮೆಯಾಗಿ ಬಳಸಿದರು. ಅಂದಿನಿಂದ ಕರಗುವುದೆಂದರೆ ಇಲ್ಲವಾಗುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾವ್ಯಕ್ಕೆ ಅದು ಸೊಗಸು. ರಸಾಯನಶಾಸ್ತ್ರದವರು ಮಾತ್ರ ಒಪ್ಪುವುದಿಲ್ಲ.

ಹೀಗೆ ಒಪ್ಪದವರೊಬ್ಬರು ನಮ್ಮ ಕಾಲೇಜಿನಲ್ಲಿಯೇ ಇದ್ದಾರೆ. ಚಿಕ್ಕೋಡಿಯ ಸೀಮೆಯಲ್ಲಿ ಅವರ ಕೈಯಲ್ಲಿ ಕಲಿತವರು ಔಷಧದ ಅಂಗಡಿಯಿಂದ ಹಿಡಿದು ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯವರೆಗೆ ಎಲ್ಲೆಲ್ಲಿಯೂ ಚದುರಿದ್ದಾರೆ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ನೀರು ಮತ್ತು ಮದ್ಯಸಾರ ಎರಡನ್ನೂ ಬೆರೆಸಿ, ಆ ಮಿಶ್ರದ್ರಾವಕದಲ್ಲಿ ಲೋಹದ ಲವಣವನ್ನು ಕರಗಿಸಿದರೆ, ಆ ಲೋಹ ಇಬ್ಬರಲ್ಲಿ ಯಾರನ್ನು ತನ್ನ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತದೆ? ಇದಿಷ್ಟೇ ಪ್ರಶ್ನೆ. ಅಧ್ಯಾಪಕರ ಕೊಠಡಿಯಲ್ಲಿ ಇದರ ಮೇಲೆ ಆಗುವ ವಿನೋದಕ್ಕೆ ಲೆಕ್ಕವಿಲ್ಲ. ಮದ್ಯಸಾರ ತರಿಸುವ ಕಾಗದವನ್ನು ಅವರು ಬರೆದಾಗಲೆಲ್ಲ ಯಾರಾದರೊಬ್ಬರು, "ಪ್ರಯೋಗ ಮುಗಿದ ಮ್ಯಾಲೆ ಉಳದದ್ದು ಯಾರ ಪಾಲರಿ?" ಎಂದು ಕೇಳಿಯೇ ಕೇಳುತ್ತಾರೆ. ಅವರು ನಕ್ಕು ಸುಮ್ಮನಾಗುತ್ತಾರೆ. ಒಮ್ಮೆ ಮಾತ್ರ ನನ್ನತ್ತ ತಿರುಗಿ, "ಕನ್ನಡದವ್ರ, ಕರಗೂದಂದ್ರ ಕಾಣದಂಗ ಆಗೂದಲ್ಲರಿ, ಹೊಸಬರ ನಡುವ ಹೋಗಿ ಕೂಡೂದು" ಎಂದರು. ಆ ದಿನದಿಂದ ನಾನು ಬಿಡುವಿದ್ದಾಗ ಅವರ ಪ್ರಯೋಗಶಾಲೆಯ ಮೂಲೆಯ ಸ್ಟೂಲಿನ ಕಾಯಂ ಗಿರಾಕಿಯಾದೆ.

ಕನ್ನಡದ ಎಂ.ಎ. ಮಾಡಿದವನಿಗೆ ಅಲ್ಲೇನು ಕೆಲಸವೆಂದು ಕೇಳುವವರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನಪಿಸುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಅವರು 1918ರಲ್ಲಿ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು; ಅವರೇ ಸಂಪಾದಿಸಿದ ಪಂಪಭಾರತ 1931ರಲ್ಲಿ ಅಚ್ಚಾಯಿತು. ಭೌತಶಾಸ್ತ್ರದ ಪ್ರಾಧ್ಯಾಪಕರು ಪಂಪನ ಮನೆಗೆ ಬಂದು ಹೋದ ದಾರಿಯಲ್ಲಿ ಪಂಪನ ಕಡೆಯವನೊಬ್ಬ ಹಿಂದಕ್ಕೆ ನಡೆದರೆ ಅಪರಾಧವೇನೂ ಆಗಲಾರದು.

ಈಗ ಕರಗುವ ಸಂಗತಿಗೆ ಬರೋಣ. ಉಪ್ಪೆಂಬುದು ಸೋಡಿಯಂ ಮತ್ತು ಕ್ಲೋರಿನ್ ಇವೆರಡರ ಕೂಟ. ನೀರಿಗೆ ಬಿದ್ದೊಡನೆ ಆ ಜೋಡಿ ಬಿಚ್ಚಿಕೊಳ್ಳುತ್ತದೆ. ಸೋಡಿಯಂ ಧನವಿದ್ಯುತ್ತನ್ನೂ ಕ್ಲೋರೈಡು ಋಣವಿದ್ಯುತ್ತನ್ನೂ ಹೊತ್ತು ಬೇರೆಬೇರೆಯಾಗಿ ತಿರುಗತೊಡಗುತ್ತವೆ. ಹೀಗೆ ವಿದ್ಯುತ್ತನ್ನು ಹೊತ್ತ ಕಣಕ್ಕೆ ಅಯಾನು ಎಂದು ಹೆಸರು. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ತುಸು ಋಣ, ಜಲಜನಕದ ಕಡೆ ತುಸು ಧನ. ಆದುದರಿಂದ ಲೋಹದ ಅಯಾನೊಂದು ನೀರಿಗಿಳಿದರೆ ಸುತ್ತಲಿನ ನೀರಿನ ಅಣುಗಳು ಆಮ್ಲಜನಕದ ಮುಖವನ್ನು ಒಳಕ್ಕೆ ಮಾಡಿ ಅದನ್ನು ಸುತ್ತುವರಿದು ಕೂಡುತ್ತವೆ. ಎಷ್ಟು ಮಂದಿ ಕೂಡಬೇಕೆಂಬುದಕ್ಕೂ ಪದ್ಧತಿಯಿದೆ. ಕೋಬಾಲ್ಟ್, ನಿಕ್ಕಲ್, ಕ್ರೋಮಿಯಂ ಇವುಗಳ ಸುತ್ತ ಆರು. ಪುಟ್ಟ ಲಿಥಿಯಮ್ಮಿನ ಸುತ್ತ ಸಾಮಾನ್ಯವಾಗಿ ನಾಲ್ಕು. ಲೋಹದ ಸುತ್ತ ಇಂಥ ನಿಯತವಾದ ಪಂಕ್ತಿಯೊಂದು ಇರುತ್ತದೆಂದು 1893ರಲ್ಲಿ ಮೊದಲು ಸಾಧಿಸಿದವನು ಆಲ್‌ಫ್ರೆಡ್ ವರ್ನರ್. ಆಗ ಅವನಿಗೆ 26 ವರ್ಷ. ಇಪ್ಪತ್ತು ವರ್ಷಗಳ ತರುವಾಯ, 1913ರಲ್ಲಿ, ನೊಬೆಲ್ ಪಾರಿತೋಷಕ ಬಂದಿತು.

ಈ ಪಂಕ್ತಿ ಬರಿಯ ಅಲಂಕಾರವಲ್ಲವೆಂಬುದಕ್ಕೆ ನಮ್ಮ ಮಿತ್ರರು ಒಂದು ಲೆಕ್ಕವನ್ನು ತೋರಿಸಿದರು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಈ ಮೂರು ಅಯಾನುಗಳಲ್ಲಿ ಲಿಥಿಯಂ ಎಲ್ಲಕ್ಕಿಂತ ಚಿಕ್ಕದು, ಪೊಟ್ಯಾಸಿಯಂ ಎಲ್ಲಕ್ಕಿಂತ ದೊಡ್ಡದು. ನೀರಿನಲ್ಲಿ ವಿದ್ಯುತ್ತಿನ ಸೆಳೆತಕ್ಕೆ ಓಡುವಾಗ ಚಿಕ್ಕದು ಚುರುಕಾಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಅಳೆದರೆ ಫಲ ತಿರುವುಮುರುವು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ, ವಿದ್ಯುತ್ತನ್ನು ಒಯ್ಯುವ ಅಳತೆಯಲ್ಲಿ ಪೊಟ್ಯಾಸಿಯಮ್ಮಿಗೆ 73.5 ಅಂಕ, ಸೋಡಿಯಮ್ಮಿಗೆ 50.1, ಲಿಥಿಯಮ್ಮಿಗೆ ಬರಿಯ 38.7! ಚಿಕ್ಕ ಗೋಲದ ಮೇಲೆ ವಿದ್ಯುತ್ತು ಒತ್ತಾಗಿರುವುದರಿಂದ ಅದು ಸುತ್ತಲಿನವರನ್ನು ಬಿಗಿಯಾಗಿ ಹಿಡಿದಿರುತ್ತದೆ. ಓಡುವಾಗ ತಾನೊಬ್ಬನೇ ಓಡದೆ ಎಲ್ಲರನ್ನೂ ಎಳೆದುಕೊಂಡು ಓಡುತ್ತದೆ. ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂಟಿಯಾಗಿ ಬಂದ ಗಟ್ಟಿ ಆಳು ಗುಡಿಯನ್ನು ಮುಟ್ಟಿ ಮರಳಿರುತ್ತಾನೆ. ಮನೆಮಂದಿ, ಬೀಗರು, ನೆರೆಯವರು ಎಲ್ಲರನ್ನೂ ಕಟ್ಟಿಕೊಂಡು ಬಂದ ಸಣ್ಣ ಮನುಷ್ಯ ಇನ್ನೂ ಹೊಳೆಯ ದಾರಿಯಲ್ಲಿಯೇ ಇರುತ್ತಾನೆ.

ಇದು ಬರಿಯ ನೀರಿನ ಕಥೆ. ಎರಡು ದ್ರಾವಕಗಳು ಬೆರೆತಾಗ ವಿಷಯ ಸ್ವಾರಸ್ಯಗೊಳ್ಳುತ್ತದೆ.

ನಮ್ಮ ಸೀಮೆಗೆ ನೀರು ಕೃಷ್ಣೆಯದು, ದೂಧಗಂಗೆಯದು, ಮದ್ಯಸಾರ ಕಬ್ಬಿನದು. ಉಗಾರದ ಕಡೆಗೆ ಹೋದವರು ಗಾಳಿಯಲ್ಲಿಯೇ ಕಾಕಂಬಿಯ ವಾಸನೆಯನ್ನು ಹಿಡಿಯಬಲ್ಲರು. ಸಕ್ಕರೆಯಾಗಿ ಉಳಿದ ಕಾಕಂಬಿಯನ್ನು ಹುಳಿಸಿ ಬಟ್ಟಿಯಿಳಿಸಿದರೆ ಮದ್ಯಸಾರ ಬರುತ್ತದೆ. ಅದನ್ನು ಎಷ್ಟು ಬಟ್ಟಿಯಿಳಿಸಿದರೂ ನೂರಕ್ಕೆ ಸುಮಾರು 95ರ ಆಚೆಗೆ ಶುದ್ಧಿ ಏರದು. ಕೊನೆಯ ನೀರು ಬಿಟ್ಟುಹೋಗಲೊಲ್ಲದು. ಈ ಎರಡೂ ಬೆರೆತಾಗ ಸರಾಸರಿಯ ಲೆಕ್ಕ ನಡೆಯುವುದಿಲ್ಲ. 50 ಮಿಲಿಲೀಟರು ನೀರಿಗೆ 50 ಮಿಲಿಲೀಟರು ಮದ್ಯಸಾರ ಬೆರೆಸಿರಿ; ನೂರಾಗುವುದಿಲ್ಲ, ಸುಮಾರು 96-97ಕ್ಕೆ ನಿಲ್ಲುತ್ತದೆ. ಎರಡೂ ಬೇರೆಬೇರೆಯಾಗಿದ್ದಾಗ ತೆಳುವಾಗಿ ಹರಿಯುತ್ತವೆ. ತೂಕದಲ್ಲಿ ನೂರಕ್ಕೆ ನಲವತ್ತರಷ್ಟು ಮದ್ಯಸಾರವಿರುವಂತೆ ಬೆರೆಸಿದರೆ ಆ ಮಿಶ್ರಣ ಎರಡರಲ್ಲಿ ಯಾವುದಕ್ಕಿಂತಲೂ ಎರಡು ಪಟ್ಟಿಗೂ ಮಿಕ್ಕಿ ಮಂದವಾಗುತ್ತದೆ. ಒಬ್ಬರ ಕೈಯನ್ನೊಬ್ಬರು ಹಿಡಿದು ನಿಂತುಬಿಡುತ್ತಾರೆ. ಇಂಥ ಸಂದಣಿಯೊಳಕ್ಕೆ ಲೋಹದ ಅಯಾನು ಇಳಿಯಬೇಕು.

ಇಳಿದು ಯಾರನ್ನು ಆರಿಸಿಕೊಳ್ಳುತ್ತದೆ? ಇದನ್ನು ನಮ್ಮ ಮಿತ್ರರು ಎರಡು ಪ್ರನಾಳಗಳಲ್ಲಿ ತೋರಿಸಿದರು. ಅವರ ಕೈಗೆ ಬಂದುದು ಮೈಲುತುತ್ತ. ಅಥಣಿಯ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದರ ಪರಿಚಯ ಬೇಡ. ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಬಳ್ಳಿಗೆ ಸಿಂಪಡಿಸುವ ನೀಲಿಯ ಹರಳು ಇದೇ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮದ್ದನ್ನು ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರು ಅಡಕೆಯ ಕೊಳೆರೋಗದ ಮೇಲೆ ಪ್ರಯೋಗಿಸಿದರು. ಹೆಸರನ್ನು ಗಮನಿಸಬೇಕು. ಮೈಲು ಎಂದರೆ ನವಿಲು. ಸಂಸ್ಕೃತದಲ್ಲಿ ಇದು ಮಯೂರತುತ್ಥ. ಗಡಿಯಾಚೆಯ ಮರಾಠಿಯಲ್ಲಿಯೂ ನಮ್ಮ ನಿಪ್ಪಾಣಿಯ ಪೇಟೆಯಲ್ಲಿಯೂ ಇದನ್ನು ಮೋರಚೂದ ಎನ್ನುತ್ತಾರೆ; ಮೋರ ಎಂದರೂ ನವಿಲೇ. ಭಾಷೆಗಳು ಬೇರೆಯಾದರೂ ಇದರಲ್ಲಿ ನವಿಲನ್ನು ಕಾಣದ ಕಣ್ಣಿಲ್ಲ.

ಸೋಜಿಗವೆಂದರೆ ಆ ನವಿಲುಬಣ್ಣ ತಾಮ್ರವೊಂದರದೇ ಸೊತ್ತಲ್ಲ. ಹರಳನ್ನು ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿದರೆ ಅದರೊಳಗಿನ ನೀರು ಹಬೆಯಾಗಿ ಹಾರಿ, ನೀಲಿ ಮಾಯವಾಗಿ, ಸುಣ್ಣದ ಪುಡಿಯಂಥ ಬಿಳಿಯ ಹುಡಿ ಉಳಿಯುತ್ತದೆ. ತಾಮ್ರ ಅಲ್ಲಿಯೇ ಇದೆ. ಅದರ ಸುತ್ತ ಕೂತಿದ್ದ ನೀರಿನ ಅಣುಗಳು ಎದ್ದುಹೋಗಿವೆ. ನಮ್ಮ ಮಿತ್ರರು ಆ ಬಿಳಿಯ ಹುಡಿಯನ್ನು ಪ್ರನಾಳದಲ್ಲಿ ಹಾಕಿ ಮೇಲೆ ಸ್ಪಿರಿಟನ್ನು ಹೊಯ್ದರು. ನೂರಕ್ಕೆ 95 ಪಾಲು ಮದ್ಯಸಾರ, ಐದೇ ಪಾಲು ನೀರು. ನೋಡುತ್ತ ನೋಡುತ್ತ ಹುಡಿ ನೀಲಿಗೆ ತಿರುಗಿತು! ಎಡಬಲಕ್ಕೆ ಮದ್ಯಸಾರವೇ ಕಿಕ್ಕಿರಿದಿರುವಾಗ ಆ ತಾಮ್ರ ಅದನ್ನು ಬದಿಗೊತ್ತಿ ಎಲ್ಲೋ ಮೂಲೆಯಲ್ಲಿದ್ದ ನೀರನ್ನು ಹುಡುಕಿ ತನ್ನ ಬಳಿಗೆ ತಂದುಕೊಂಡಿತ್ತು. "ಮಂದಿ ಎಷ್ಟ ಅದಾರನ್ನೂದು ಸಂತ್ಯಾಗ ನೋಡ್ರಿ, ಪಂಕ್ತ್ಯಾಗ ಯಾರ ಕುಂತಾರನ್ನೂದು ಬ್ಯಾರೇನ ಲೆಕ್ಕ" ಎಂದರು ಅವರು.

ಎರಡನೆಯ ಪ್ರನಾಳದಲ್ಲಿ ಕೋಬಾಲ್ಟ್ ಕ್ಲೋರೈಡು. ನೀರಿನಲ್ಲಿ ಅದು ಗುಲಾಬಿಯ ಬಣ್ಣ. ಕೋಬಾಲ್ಟಿನ ಸುತ್ತ ಆರು ನೀರಿನ ಅಣುಗಳು. ಸ್ಪಿರಿಟಿನಲ್ಲಿ ಅದೇ ಕಡುನೀಲಿ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಧನ-ಋಣಗಳ ಸೆಳೆತವನ್ನು ನೀರು ಸುಮಾರು 78ರಲ್ಲಿ ಒಂದು ಪಾಲಿಗೆ ಇಳಿಸಬಲ್ಲುದು. ಮದ್ಯಸಾರಕ್ಕೆ 24ರಲ್ಲಿ ಒಂದು ಪಾಲಿಗೆ ಇಳಿಸುವಷ್ಟೇ ಶಕ್ತಿ. ಆದಕಾರಣ ಮದ್ಯಸಾರದಲ್ಲಿ ಬಿಟ್ಟುಹೋಗಬೇಕಾಗಿದ್ದ ಕ್ಲೋರೈಡು ಮರಳಿ ಬಂದು ಕೋಬಾಲ್ಟಿನ ಪಕ್ಕದಲ್ಲಿಯೇ ಕೂಡುತ್ತದೆ. ಆರರ ಪಂಕ್ತಿ ನಾಲ್ಕಕ್ಕೆ ಇಳಿದು ಬಣ್ಣ ಬದಲಾಗುತ್ತದೆ. ಆ ನೀಲಿಗೆ ಹನಿಹನಿಯಾಗಿ ನೀರು ಬಿಟ್ಟರೆ ಊದಾ ಬಣ್ಣಕ್ಕೆ ತಿರುಗಿ, ಆಮೇಲೆ ಗುಲಾಬಿಯಾಗುತ್ತದೆ. ಎಷ್ಟನೆಯ ಹನಿಗೆ ಎಷ್ಟು ಬದಲಾಯಿತೆಂಬುದನ್ನು ಅಳೆಯುತ್ತ ಹೋದರೆ ಪಂಕ್ತಿಯ ಆಯ್ಕೆಯ ಕ್ರಮ ತಿಳಿಯುತ್ತದೆ.

ಎಲ್ಲ ಲೋಹಗಳಿಗೂ ನೀರೇ ಪ್ರಿಯವೆಂದು ತಿಳಿಯಬಾರದು. ಅಸಿಟೊನೈಟ್ರೈಲ್ ಎಂಬುದೊಂದು ದ್ರಾವಕವಿದೆ. ಅದನ್ನು ನೀರಿಗೆ ಬೆರೆಸಿ ಬೆಳ್ಳಿಯ ಲವಣವನ್ನು ಕರಗಿಸಿದರೆ ಬೆಳ್ಳಿ ನೀರನ್ನು ಬಿಟ್ಟು ಅಸಿಟೊನೈಟ್ರೈಲನ್ನು ಹಿಡಿಯುತ್ತದೆ. ಆ ಲವಣ ಬೆಳ್ಳಿಯ ಸಲ್ಫೇಟಾಗಿದ್ದರೆ ಇನ್ನೂ ಚಂದ. ಬೆಳ್ಳಿ ಒಬ್ಬರ ಪಾಲಾದರೆ ಅದರ ಜೊತೆಗಾರ ಸಲ್ಫೇಟು ನೀರಿನ ಪಾಲಾಗುತ್ತದೆ. ಒಂದೇ ಮನೆಯಿಂದ ಹೊರಟ ಇಬ್ಬರು ಒಂದೇ ಪೇಟೆಯಲ್ಲಿ ಎರಡು ಬೇರೆ ಅಂಗಡಿಗಳ ಕಟ್ಟೆಯ ಮೇಲೆ ಕೂತಂತೆ. ನಿಪ್ಪಾಣಿ, ಕಾಗವಾಡಗಳಲ್ಲಿ ಬಾಳುವ ನಮಗೆ ಇದು ಹೊಸತಲ್ಲ. ಒಂದೇ ಮನೆಯಲ್ಲಿ ಅಣ್ಣ ಕನ್ನಡ ಶಾಲೆ, ತಮ್ಮ ಮರಾಠಿ ಶಾಲೆ. ಅಜ್ಜಿಗೆ ಜೋಗುಳ ಕನ್ನಡದಲ್ಲಿ, ಆರತಿ ಮರಾಠಿಯಲ್ಲಿ. ಹಾಗೆಂದು ಗಡಿವಿವಾದಕ್ಕೆ ಅಯಾನುಗಳನ್ನು ಸಾಕ್ಷಿ ಕರೆಯುವ ಮನಸ್ಸು ನನಗಿಲ್ಲ. 1967ರ ಮಹಾಜನ ವರದಿಯ ಮೇಲೆ ಈವರೆಗೆ ಆದ ವಾದವೇ ಬೇಕಾದಷ್ಟಾಗಿದೆ.

ಒಂದು ಮಧ್ಯಾಹ್ನ ಈ ಬಣ್ಣದಾಟ ನಡೆದಿರುವಾಗ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕಾಗವಾಡದ ಕಡೆಯ ಹಳ್ಳಿಯವಳು. ಮನೆಮಾತು ಮರಾಠಿ, ಕಲಿತದ್ದೆಲ್ಲ ಕನ್ನಡದಲ್ಲಿ. ಪಿ.ಯು.ಸಿ.ಯನ್ನು ವಿಜ್ಞಾನದಲ್ಲಿ ಮುಗಿಸಿ, ಮುಂದೆ ಬಿ.ಎ. ಸೇರುವುದೋ ಬಿ.ಎಸ್ಸಿ. ಸೇರುವುದೋ ಎಂದು ಕೇಳಲು ಬಂದಿದ್ದಳು. ತಂದೆಯವರು ಬಿ.ಎ. ಎಂದು ಗೊತ್ತುಮಾಡಿದ್ದರು. ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ಮಗಳು ನಪಾಸಾದರೆ ಓದೇ ನಿಲ್ಲುತ್ತದೆ ಎಂಬುದು ಅವರ ಹೆದರಿಕೆ. ಹೆದರಿಕೆ ನಿರಾಧಾರವೆಂದು ಯಾರೂ ಹೇಳಲಾರರು. ಹಾಗೆ ನಿಂತ ಓದುಗಳನ್ನು ನಾನು ಕಂಡಿದ್ದೇನೆ. ಬಿ.ಎ. ಸೇರಿದರೆ ಅವಳು ಐಚ್ಛಿಕ ಕನ್ನಡಕ್ಕೆ ಬರುವವಳು, ಅಂದರೆ ನನ್ನ ತರಗತಿಗೆ. ವರ್ಷಕ್ಕೊಬ್ಬರೋ ಇಬ್ಬರೋ ಬರುವ ಕಾಲದಲ್ಲಿ ಅಂಥ ವಿದ್ಯಾರ್ಥಿನಿಯೆಂದರೆ ಯಾವ ಕನ್ನಡ ಅಧ್ಯಾಪಕನ ಬಾಯಲ್ಲಿ ನೀರೂರುವುದಿಲ್ಲ!

"ಒಳಗ ಬಾ ತಂಗಿ, ಇದನ್ನ ನೋಡಿ ಆಮ್ಯಾಲೆ ಹೇಳು" ಎಂದು ಮಿತ್ರರು ಅವಳನ್ನು ಕರೆದು ಅದೇ ಪ್ರನಾಳಗಳನ್ನು ಮತ್ತೆ ತೋರಿಸಿದರು. ಅವಳು ಗುಲಾಬಿ ನೀಲಿಯಾದುದನ್ನೂ ನೀಲಿ ಗುಲಾಬಿಯಾದುದನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮೆಲ್ಲಗೆ, "ಅಂದ್ರ ಅದಕ್ಕ ಬಳಗ ಬದಲ ಆತೇನ್ರಿ ಸರ?" ಎಂದಳು.

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅಯಾನಿನ ಸುತ್ತ ದ್ರಾವಕದ ಅಣುಗಳು ಕೂಡುವ ಈ ಕ್ರಿಯೆಗೆ ಕನ್ನಡದಲ್ಲಿ ಏನು ಹೇಳಬೇಕೆಂದು ಮಿತ್ರರು ನನ್ನನ್ನು ಎಷ್ಟೋ ತಿಂಗಳಿಂದ ಕಾಡುತ್ತಿದ್ದರು. ದ್ರಾವಕವೇಷ್ಟನ ಎಂದೆ, ದ್ರಾವಕಾವರಣ ಎಂದೆ. ಎರಡನ್ನೂ ಕೇಳಿ ಅವರು, "ಇದನ್ನ ಹೇಳೂದರಾಗ ತಾಸ ಮುಗೀತೈತಿ" ಎಂದು ಕೈಮುಗಿದಿದ್ದರು. ಬಳಗ! ತೀರ ಹತ್ತಿರದ ಸುತ್ತು ಒಳಬಳಗ, ಅದರಾಚೆಗಿನದು ಹೊರಬಳಗ. ವೇಷ್ಟನದಲ್ಲಿ ಸುತ್ತಿದ ಬಟ್ಟೆಯ ಸಪ್ಪೆತನವಿದೆ. ಬಳಗದಲ್ಲಿ ಬಂದವರಿದ್ದಾರೆ, ಹೋದವರಿದ್ದಾರೆ, ಬರದವರೂ ಇದ್ದಾರೆ. ಆ ಹೊತ್ತಿಗೆ ಅವಳು ಯಾವ ತರಗತಿಗೆ ಸೇರಿದವಳೆಂಬುದು ನನಗೆ ತಿಳಿದುಹೋಯಿತು. ತಂದೆಯವರೊಡನೆ ಮಾತನಾಡಲು ನಾನೇ ಹೋದೆ. ನನ್ನ ವಿಷಯದ ನಷ್ಟಕ್ಕಾಗಿ ನಾನೇ ವಾದಿಸಿ ಬಂದ ದಿನ ಅದೊಂದೇ. ಪರೀಕ್ಷೆಗಳಲ್ಲಿ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿರುವುದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಪುಸ್ತಕ ಅದಾವೇನ್ರಿ ಕನ್ನಡದಾಗ?" ಬರೆದುಕೊಡುತ್ತೇವೆ ಎಂದು ಒಪ್ಪಿ ಬಂದೆ. ಒಪ್ಪಿದ್ದರಿಂದ ಈಗ ಪ್ರತಿ ಶನಿವಾರ ಮಿತ್ರರು ಹೇಳುತ್ತಾರೆ, ನಾನು ಬರೆಯುತ್ತೇನೆ, ಅವಳು ತಿದ್ದುತ್ತಾಳೆ.

ಬಳಗವೆಂದ ಮೇಲೆ ಎಷ್ಟು ಹೊತ್ತು ಕೂತಿರುತ್ತಾರೆಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಕೇಳಿದವಳೂ ಅವಳೇ. ಲೋಹದಿಂದ ಲೋಹಕ್ಕೆ ಇರುವ ಅಂತರವನ್ನು ಕೇಳಿದರೆ ತಲೆ ತಿರುಗುತ್ತದೆ. ತಾಮ್ರದ ಒಳಬಳಗದಲ್ಲಿ ನೀರಿನ ಅಣುವೊಂದು ಕೂತಿರುವ ಕಾಲ ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಿಕ್ಕಲ್ಲಿನಲ್ಲಿ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ಮೂವತ್ತು ಪಾಲು. ಅಲ್ಯುಮಿನಿಯಮ್ಮಿನಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡು. ಕ್ರೋಮಿಯಮ್ಮಿನಲ್ಲಿ? ನಾಲ್ಕೈದು ದಿನ! ಬಂದ ಬೀಗರು ಹೊರಡುವ ಮಾತನ್ನೇ ಎತ್ತದಂತೆ. ಕ್ರೋಮಿಯಮ್ಮಿನ ಈ ಜಿಗುಟುತನದಿಂದಲೇ ಜಗತ್ತಿನ ಬಹುಪಾಲು ಚರ್ಮ ಹದವಾಗುತ್ತದೆ. ಚರ್ಮದ ನಾರಿನಲ್ಲಿರುವ ಆಮ್ಲಗುಂಪುಗಳನ್ನು ಕ್ರೋಮಿಯಂ ಒಮ್ಮೆ ತನ್ನ ಬಳಗಕ್ಕೆ ಸೇರಿಸಿಕೊಂಡಿತೆಂದರೆ ಬಿಡುವುದಿಲ್ಲ. ನಾರಿಗೆ ನಾರು ಹೊಲಿದಂತಾಗಿ ಆ ಚರ್ಮ ಕುದಿವ ನೀರಿಗೂ ಸುರುಟಿಕೊಳ್ಳದು.

ಅಥಣಿಯ ಚಪ್ಪಲಿಯ ಚರ್ಮ ಈ ಜಾತಿಯದಲ್ಲ. ಅದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ಹದವಾದ ತೊಗಲು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿಗಳ ಕೈಗಳ ಬೆವರು ಅದರಲ್ಲಿದೆ. ಈ ತೊಗಲಿಗೆ ಕಬ್ಬಿಣವೆಂದರೆ ಆಗದು. ನೆನೆದ ತೊಗಲಿನ ಮೇಲೆ ತುಕ್ಕುಹಿಡಿದ ಮೊಳೆಯನ್ನು ಒಂದು ರಾತ್ರಿ ಮರೆತುಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಸಿಯಂಥ ಕಪ್ಪು ಕಲೆ. ಮಸಿಯಂಥದೇನು, ಅದು ಮಸಿಯೇ! ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಗಾಳಿಗಿಟ್ಟರೆ ಬರುವ ಬರೆವಣಿಗೆಯ ಮಸಿಯೂ ಇದೇ ಸಂಯೋಗ. ಕಬ್ಬಿಣದ ಅಯಾನು, ಅದರ ಸುತ್ತ ಒಗರಿನ ಅಣುಗಳು. ಕಲೆಯ ಮೇಲೆ ನಿಂಬೆಹಣ್ಣನ್ನು ತಿಕ್ಕಿದರೆ ಅದು ತೆಳುವಾಗುತ್ತದೆ; ನಿಂಬೆಯ ಹುಳಿ ಕಬ್ಬಿಣವನ್ನು ಒಗರಿನ ಬಳಗದಿಂದ ತನ್ನ ಬಳಗಕ್ಕೆ ಎಳೆದುಕೊಳ್ಳುತ್ತದೆ. ಕಪ್ಪು ಚಪ್ಪಲಿಗೆ ಇದರಿಂದ ತೊಂದರೆಯಿಲ್ಲ. ಹೊನ್ನಬಣ್ಣದ ಜೋಡಿಗೆ ಒಂದು ಕಲೆ ಬಿದ್ದರೆ ನಾಲ್ಕಾರು ದಿನಗಳ ದುಡಿಮೆ ಹೋದಂತೆಯೇ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಒಂದು ಸಾಲಾಗಿ ಮುಗಿಯುವ ಮಾತು ಮೋಚಿಯ ಮನೆಯಲ್ಲಿ ಒಂದು ವಾರದ ಊಟದ ಪ್ರಶ್ನೆಯಾಗುತ್ತದೆ.

ಇದರ ಪ್ರಯೋಜನವೇನೆಂದು ಮಿತ್ರರನ್ನು ಕೇಳುವವರಿಗೆ ಇಷ್ಟೇ ಸಾಕಿತ್ತು. ಆದರೆ ಕೇ‌ಳುವಾಗ ಅವರು ಕೈಯಲ್ಲಿ ಹಿಡಿದಿರುವ ಮೊಬೈಲಿನಲ್ಲಿಯೇ ಉತ್ತರವಿರುವುದು ಇನ್ನೂ ತಮಾಷೆ. ಅದರ ಬ್ಯಾಟರಿಯೊಳಗೆ ಓಡಾಡುವುದು ಅದೇ ಲಿಥಿಯಂ. ಅಲ್ಲಿ ಇರುವುದೂ ಮಿಶ್ರದ್ರಾವಕವೇ. ನೀರು ಅಲ್ಲಿ ನಡೆಯದು. ಎಥಿಲೀನ್ ಕಾರ್ಬೊನೇಟ್ ಎಂಬ ದ್ರಾವಕ ಧನ-ಋಣಗಳನ್ನು ಬಿಡಿಸುವುದರಲ್ಲಿ ನೀರಿಗಿಂತಲೂ ಗಟ್ಟಿಗ. ಆದರೆ ಅದು ಕರಗಿ ದ್ರವವಾಗುವುದು 36 ಡಿಗ್ರಿಯ ಸುಮಾರಿಗೆ. ನಮ್ಮ ಏಪ್ರಿಲಿನ ಮಧ್ಯಾಹ್ನದಲ್ಲಿ ದ್ರವ, ಮಾಗಿಯ ಬೆಳಗಿನಲ್ಲಿ ಗಟ್ಟಿ! ಡೈಮೀಥೈಲ್ ಕಾರ್ಬೊನೇಟ್ ಎಂಬುದು ತೆಳ್ಳಗೆ ಹರಿಯುತ್ತದೆ, ಬಿಡಿಸುವ ಶಕ್ತಿ ಮಾತ್ರ ತೀರ ಕಡಿಮೆ. ಒಂದಕ್ಕೆ ತೋಳಿದೆ, ಇನ್ನೊಂದಕ್ಕೆ ಕಾಲಿದೆ. ಆದುದರಿಂದ ಇಂಥ ಎರಡನ್ನೂ ಬೆರೆಸುತ್ತಾರೆ. ಆ ಬೆರಕೆಯಲ್ಲಿ ಲಿಥಿಯಂ ತನ್ನ ನಾಲ್ವರ ಒಳಬಳಗಕ್ಕೆ ಯಾರನ್ನು ಕರೆದುಕೊಂಡು ಹೋಗುತ್ತದೆಂಬುದರ ಮೇಲೆ ಬ್ಯಾಟರಿಯ ಆಯುಸ್ಸು ನಿಂತಿದೆ. ಏಕೆಂದರೆ ಗ್ರಾಫೈಟಿನ ಹೊಸ್ತಿಲಲ್ಲಿ ಲಿಥಿಯಂ ತನ್ನ ಬಳಗವನ್ನು ಬಿಟ್ಟು ಒಂಟಿಯಾಗಿ ಒಳಹೊಗಬೇಕು. ಪ್ರೊಪಿಲೀನ್ ಕಾರ್ಬೊನೇಟ್ ಬಳಗದಲ್ಲಿದ್ದರೆ ಅದೂ ಜೊತೆಗೆ ನುಗ್ಗಿ ಗ್ರಾಫೈಟಿನ ಪದರಗಳನ್ನು ಸೀಳಿಬಿಡುತ್ತದೆ. ಎಥಿಲೀನ್ ಕಾರ್ಬೊನೇಟಾದರೋ ಹೊಸ್ತಿಲಲ್ಲಿಯೇ ಒಡೆದು ಒಂದು ತೆಳ್ಳನೆಯ ಪೊರೆಯಾಗಿ ಮನೆಯನ್ನು ಕಾಯುತ್ತದೆ. ಈ ಇಬ್ಬರಿಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಕೆನಡಾದ ಜೆಫ್ ಡಾನ್ ಮತ್ತು ಸಂಗಡಿಗರು 1990ರಲ್ಲಿ ಈ ಮರ್ಮವನ್ನು ಪ್ರಕಟಿಸಿದರು. ಮರುವರ್ಷ ಸೋನಿ ಕಂಪನಿಯ ಲಿಥಿಯಂ ಬ್ಯಾಟರಿ ಮಾರುಕಟ್ಟೆಗೆ ಬಂದಿತು. 2019ರಲ್ಲಿ ಈ ಬ್ಯಾಟರಿಯ ಮೂವರು ನಿರ್ಮಾಪಕರಿಗೆ ನೊಬೆಲ್ ದೊರೆಯಿತು.

ಪೆಟ್ರೋಲಿಗೆ ಬೆರೆಸುವ ಮದ್ಯಸಾರದಲ್ಲಿಯೂ ಇದೇ ನಾಟಕ. ಅದರಲ್ಲಿ ನೀರು ಉಳಿಯಬಾರದು. ಬಟ್ಟಿಯಿಳಿಸಿ ತೆಗೆಯೋಣವೆಂದರೆ ಕೊನೆಯ ನೀರು ಹೋಗದೆಂದು ಆಗಲೇ ಹೇಳಿದೆ. ಅದಕ್ಕಾಗಿ ಜಿಯೊಲೈಟ್ ಎಂಬ, ನಸುರಂಧ್ರಗಳುಳ್ಳ ಖನಿಜದ ಗುಂಡುಗಳ ಮೂಲಕ ಆವಿಯನ್ನು ಹಾಯಿಸುತ್ತಾರೆ. ಆ ರಂಧ್ರಗಳ ಬಾಗಿಲಲ್ಲಿ ಪೊಟ್ಯಾಸಿಯಮ್ಮಿನ ಅಯಾನುಗಳು ಕೂತಿರುತ್ತವೆ. ದೊಡ್ಡ ಮೈಯ ಮದ್ಯಸಾರ ಹೊರಗೇ ಉಳಿಯುತ್ತದೆ. ಸಣ್ಣ ನೀರು ಒಳಹೊಕ್ಕು ಅಯಾನುಗಳ ಕೈಗೆ ಸಿಕ್ಕಿಬೀಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥಲ್ಲಿ ಈ ಬಳಗಗಳ ಚಲನವಲನವನ್ನು ಗಣಕಯಂತ್ರಗಳಲ್ಲಿ ಅಣುಅಣುವಾಗಿ ಲೆಕ್ಕ ಹಾಕುತ್ತಾರೆ. ನಮ್ಮ ಮಿತ್ರರಿಗೆ ಇರುವುದು ಒಂದು ವಾಹಕತೆಯ ಅಳತೆಯ ಯಂತ್ರ, ದ್ರವದ ಮಂದತೆಯನ್ನು ಅಳೆಯುವ ಗಾಜಿನ ಸಣ್ಣ ಕೊಳವೆ, ನೀರಿನ ಉಷ್ಣತೆಯನ್ನು ಒಂದೇ ತೆರನಾಗಿ ಇಡುವ ತೊಟ್ಟಿ, ಒಂದು ಸ್ಟಾಪ್‌ವಾಚು. ಸಣ್ಣ ಊರಿನ ಕಾಲೇಜುಗಳಲ್ಲಿ ಈ ವಿಷಯ ಬೇರುಬಿಡಲು ಇದೇ ಕಾರಣವಿರಬೇಕು. ಬೇಕಾದ ಬಂಡವಾಳ ಕಡಿಮೆ, ತಾಳ್ಮೆ ಹೆಚ್ಚು. ವಾಹಕತೆಯನ್ನು ಮಂದತೆಯಿಂದ ಗುಣಿಸಿ ನೋಡಿದರೆ ಅಯಾನು ತನ್ನೊಡನೆ ಎಷ್ಟು ದೊಡ್ಡ ಬಳಗವನ್ನು ಎಳೆಯುತ್ತಿದೆಯೆಂಬುದರ ಸುಳಿವು ಸಿಗುತ್ತದೆ. ವಿದ್ಯುತ್ತು ಹೋದರೆ ತೊಟ್ಟಿ ತಣ್ಣಗಾಗಿ ಆ ದಿನದ ಕೆಲಸವೆಲ್ಲ ಮೊದಲಿನಿಂದ. ಹೀಗೆ ತುಂಬಿದ ನೋಟುಪುಸ್ತಕಗಳು ಅವರ ಕಪಾಟಿನಲ್ಲಿ ಎರಡು ಸಾಲಾಗಿವೆ. ನಿವೃತ್ತಿಯ ಮಾತು ಬಂದಾಗ ಅವರ ಕಣ್ಣು ಆ ಕಪಾಟಿನ ಕಡೆಗೆ ಹೋಗುವುದನ್ನು ನಾನು ನೋಡಿದ್ದೇನೆ. ಮಾತಾಡಿದ್ದಿಲ್ಲ.

ಹುಡುಗಿ ಈಗ ಎರಡನೆಯ ವರ್ಷದ ಬಿ.ಎಸ್ಸಿ.ಯಲ್ಲಿದ್ದಾಳೆ. ಇಂಗ್ಲಿಷ್ ಪುಸ್ತಕವನ್ನು ಎಡಕ್ಕೂ ನಮ್ಮ ಕೈಬರಹದ ಕನ್ನಡವನ್ನು ಬಲಕ್ಕೂ ಇಟ್ಟುಕೊಂಡು ಓದುತ್ತಾಳೆ. ಕಳೆದ ತಿಂಗಳು ಮಿತ್ರರು ಹಳೆಯ ನೋಟುಪುಸ್ತಕವೊಂದನ್ನು ಅವಳ ಕೈಗಿತ್ತು ಅದರಲ್ಲಿನ ಒಂದು ಸಾಲನ್ನು ಮತ್ತೆ ಅಳೆಯುವಂತೆ ಹೇಳಿದರು: ಲಿಥಿಯಮ್ಮಿನ ಲವಣ, ಮದ್ಯಸಾರ ನೂರಕ್ಕೆ ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು. ಇಪ್ಪತ್ತರದು ಸರಿಹೊಂದಿತು. ಅರವತ್ತು, ಎಂಬತ್ತರವೂ ಹೊಂದಿದವು. ನಲವತ್ತರಲ್ಲಿ ಮಾತ್ರ ಅವಳ ಅಂಕ ಅವರ ಅಂಕಕ್ಕಿಂತ ಕೆಳಗೆ ನಿಂತಿದೆ. ಮೂರು ಸಲ ಅಳೆದಾಯಿತು. ಮೂರು ಸಲವೂ ಅಲ್ಲಿಗೇ ಬಂದಿತು.

"ನಿಮ್ಮದು ತಪ್ಪಿರಬಹುದೇನ್ರಿ ಸರ?" ಎಂದು ಅವಳು ಕೇಳಿದಾಗ ನಾನು ಅಲ್ಲಿಯೇ ಇದ್ದೆ.

"ಇರಬಹುದವ್ವಾ. ನಾಳೆ ಸ್ಪಿರಿಟ್ ಹೊಸಾದು ತಗೀತೀನಿ. ಕೊಳವಿ ತೊಳದ ಇಡು" ಎಂದರು ಅವರು. ಅವಳು ಹಳೆಯ ಅಂಕದ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ತನ್ನ ಅಂಕವನ್ನು ಬರೆದು, ಅದರ ಮುಂದೆ ಕನ್ನಡದಲ್ಲಿ 'ಬಳಗ ದೊಡ್ಡದೋ?' ಎಂದು ಗುರುತು ಮಾಡಿಟ್ಟು, ಕೊಳವೆಯನ್ನು ತೊಳೆಯಲು ನಲ್ಲಿಯ ಕಡೆಗೆ ಹೋದಳು.